ನಾನು ಕೇಳಿದರೂ ಹಾಕಬೇಡಿ

ಊಟದ ವಿಷಯದಲ್ಲಿ ನನ್ನ ಮಾತನ್ನು ನಂಬಬಾರದು ಎಂದು ಮೊದಲೇ ಹೇಳಿಬಿಡುತ್ತೇನೆ. ಉಳಿದ ವಿಷಯಗಳಲ್ಲಿ ನಾನು ಸುಮಾರಾಗಿ ಪ್ರಾಮಾಣಿಕ. ಹೊಸನಗರದಲ್ಲಿದ್ದುಕೊಂಡು ಜಮೀನು ಅಳೆಯುವ ಸರ್ವೆ ಕೆಲಸ ನನ್ನದು. ಹುಲಿಕಲ್ ಕಡೆಯ ಗುಡ್ಡಗಳಲ್ಲಿ ಜಿಗಣೆ ಕಚ್ಚಿಸಿಕೊಂಡು, ಮೂರು ತಲೆಮಾರಿನಿಂದ ಮಾತು ಬಿಟ್ಟ ಅಣ್ಣತಮ್ಮಂದಿರ ನಡುವೆ ಒಂದು ಗೇಣೂ ಆಚೀಚೆ ಆಗದಂತೆ ಕಲ್ಲು ನೆಡಿಸಿ ಬಂದವನು. ಇಂಥ ನಾನು ಎಲೆಯ ಮುಂದೆ ಕೂತರೆ ಮಾತ್ರ ಅಳತೆಯೆಂಬುದೇ ಮರೆತುಹೋಗುತ್ತದೆ. 'ಒಂದು ಚೂರು ಸಾಕು' ಎಂದು ನಾನು ಹೇಳುವ ಚೂರಿನ ಗಾತ್ರ ಎಷ್ಟೆಂದು ನನ್ನ ಹೆಂಡತಿ ವೀಣಾಳಿಗೆ ಗೊತ್ತು, ನನ್ನ ಪ್ಯಾಂಟು ಹೊಲಿಯುವ ದರ್ಜಿಗೆ ಗೊತ್ತು. ಸರ್ಕಾರದ ದಾಖಲೆಯಲ್ಲಿ ಎಲ್ಲೂ ಇಲ್ಲ.

ಬರೀ ತಿನ್ನುವವನಾಗಿದ್ದರೆ ನನ್ನ ಪಾಪ ನನ್ನ ಹೊಟ್ಟೆಗೇ ಸೀಮಿತವಾಗಿರುತ್ತಿತ್ತು. ನಾನು ತಿನ್ನಿಸುವವನೂ ಹೌದು. ನಮ್ಮ ಕಡೆಯ ಪಂಕ್ತಿ ಊಟ ಕಂಡವರಿಗೆ ಒತ್ತಾಯವೆಂದರೇನು ಎಂದು ಹೇಳಬೇಕಾಗಿಲ್ಲ. ಕಾಣದವರಿಗಾಗಿ ಹೇಳುತ್ತೇನೆ. ಸಿಹಿ ಬಡಿಸುವವನು ಎಲೆಯ ಮುಂದೆ ಬಂದು ನಿಂತಾಗ ಉಣ್ಣುವವನು ಬೇಡ ಎನ್ನಬೇಕು, ಅದು ಅವನ ಮರ್ಯಾದೆ. ಆ ಬೇಡವನ್ನು ಬಡಿಸುವವನು ಕಿವಿಗೆ ಹಾಕಿಕೊಳ್ಳಬಾರದು, ಅದು ಇವನ ಮರ್ಯಾದೆ. ಉಣ್ಣುವವನು ಎರಡೂ ಕೈ ಎಲೆಗೆ ಅಡ್ಡ ಹಿಡಿಯುತ್ತಾನೆ. ಬಡಿಸುವವನು ಬೆರಳಿನ ಸಂದಿಯಲ್ಲಿ ಹೋಳಿಗೆ ಜಾರಿಸುತ್ತಾನೆ. ಅಕ್ಕಪಕ್ಕದವರು 'ಹಾಕಿ, ಹಾಕಿ, ಅವರಿಗೆ ಬೇಕು, ನಾಚಿಕೆ ಅಷ್ಟೆ' ಎಂದು ಹುರಿದುಂಬಿಸುತ್ತಾರೆ. ಈ ಕಲೆಯಲ್ಲಿ ನನಗೆ ಒಂದು ಕಾಲಕ್ಕೆ ಒಳ್ಳೆಯ ಹೆಸರಿತ್ತು. ತೀರ್ಥಹಳ್ಳಿಯಿಂದ ಸಾಗರದವರೆಗೆ ನೆಂಟರ ಮನೆಯ ಯಾವ ಕಾರ್ಯವಾದರೂ ಹೋಳಿಗೆಯ ಬುಟ್ಟಿ ನನ್ನ ಕೈಗೇ ಬರುತ್ತಿತ್ತು. 'ನನಗೆ ಶುಗರ್ ಇದೆ ಮಾರಾಯ' ಎಂದವರಿಗೂ 'ಒಂದಿನಕ್ಕೆ ಎಂತ ಆಗುತ್ತೆ' ಎಂದು ಎರಡು ಹಾಕಿ ಮುಂದೆ ಹೋಗುತ್ತಿದ್ದೆ. ಆ ಮಾತಿನ ಅರ್ಥ ಏನೆಂದು ತಿಳಿಯುವ ಹೊತ್ತಿಗೆ ಬುಟ್ಟಿ ನನ್ನ ಕೈಯಿಂದ ಹೋಗಿತ್ತು.

ಹೋದ ವರ್ಷ ನಮ್ಮ ಮಗಳು ಇಂಚರಾ ಐದನೇ ಕ್ಲಾಸಿನಲ್ಲಿದ್ದಾಗ ಇದ್ದಕ್ಕಿದ್ದಂತೆ ನೀರು ಕುಡಿಯಲು ಶುರುಮಾಡಿದಳು. ಸೆಕೆ ಎಂದುಕೊಂಡೆವು. ಸಣ್ಣಗಾದಳು, ಎತ್ತರ ಆಗುತ್ತಿದ್ದಾಳೆ ಎಂದುಕೊಂಡೆವು. ಕೊನೆಗೆ ಒಂದು ಬೆಳಿಗ್ಗೆ ಏಳಲಾರದೆ ಮಲಗಿದವಳನ್ನು ಎತ್ತಿಕೊಂಡು ಶಿವಮೊಗ್ಗದ ಆಸ್ಪತ್ರೆಗೆ ಓಡಿದೆವು. ಡಾಕ್ಟರು ಟೈಪ್ ಒನ್ ಡಯಾಬಿಟಿಸ್ ಎಂದರು. ಮಕ್ಕಳಿಗೆ ಬರುವಂಥದ್ದು, ಸಿಹಿ ತಿಂದದ್ದರಿಂದ ಬಂದದ್ದಲ್ಲ, ಯಾರ ತಪ್ಪೂ ಅಲ್ಲ, ಮೈಯಲ್ಲಿ ಇನ್ಸುಲಿನ್ ತಯಾರಾಗುವುದು ನಿಂತಿದೆ, ಇನ್ನು ಅದನ್ನು ಹೊರಗಿನಿಂದ ಚುಚ್ಚಿ ಕೊಡಬೇಕು ಎಂದು ನಿಧಾನವಾಗಿ ತಿಳಿಸಿ ಹೇಳಿದರು. ನಾನು ತಲೆಯಾಡಿಸಿದೆ. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಇಷ್ಟು ವರ್ಷ ಕಂಡವರ ಎಲೆಗೆ ಸುರಿದ ಸಿಹಿಯೆಲ್ಲ ಸುತ್ತಿ ಬಳಸಿ ನನ್ನ ಮಗಳ ಮೈಗೆ ಬಂತು ಎಂದು ಅನ್ನಿಸಿತು. ಡಾಕ್ಟರು ಅಲ್ಲ ಎಂದು ಹೇಳಿ ಇನ್ನೂ ಐದು ನಿಮಿಷವಾಗಿರಲಿಲ್ಲ.

ಊಟದ ವಿಷಯ ಹೇಳಿಕೊಡಲು ಅಲ್ಲಿ ಒಬ್ಬ ಮೇಡಂ ಇದ್ದರು. ಅವರು ಹೇಳಿದ್ದು ತುಂಬ ಸರಳ. 'ಮನೆಯವರೆಲ್ಲ ತಿನ್ನೋದನ್ನೇ ಅವಳೂ ತಿನ್ನಲಿ. ಅನ್ನ, ದೋಸೆ, ಹಣ್ಣು ಯಾವುದು ಎಷ್ಟು ಅಂತ ಅಳತೆ ಇರಲಿ, ಅದಕ್ಕೆ ತಕ್ಕ ಇನ್ಸುಲಿನ್ ಇರಲಿ. ಕಾಳು, ಸೊಪ್ಪು, ತರಕಾರಿ ಜಾಸ್ತಿ ಮಾಡಿ, ಮನೆಯವರೆಲ್ಲರಿಗೂ. ಸಿಹಿ ಅಂದ್ರೆ ವಿಷ ಅಲ್ಲ, ಅಪರೂಪಕ್ಕೆ ಲೆಕ್ಕದೊಳಗೆ ತಿನ್ನಬಹುದು. ಆದ್ರೆ ಇನ್ಸುಲಿನ್ ಕೊಟ್ಟ ಮೇಲೆ ಊಟ ತಡ ಆಗಬಾರದು. ಶುಗರ್ ಇಳಿದು ಕೈ ನಡುಗಿದ್ರೆ ಮಾತ್ರ ಯೋಚನೆ ಮಾಡ್ತಾ ಕೂರಬೇಡಿ, ತಕ್ಷಣ ಗ್ಲೂಕೋಸೋ ಸಕ್ಕರೆ ನೀರೋ ಕುಡಿಸಿ.' ವೀಣಾ ಇಷ್ಟನ್ನೂ ಕೇಳಿಸಿಕೊಂಡಳು. ಇಂಚರಾ ಅಮ್ಮನಿಗಿಂತ ಚೆನ್ನಾಗಿ ಕೇಳಿಸಿಕೊಂಡಳು. ನನಗೆ ಅಳತೆ ಎಂಬ ಒಂದು ಶಬ್ದ ಮಾತ್ರ ಕೇಳಿಸಿತು. ಅದು ನನ್ನ ಇಲಾಖೆಯದೇ ಆದ್ದರಿಂದ ಮುಂದಿನದನ್ನು ಕೇಳುವ ಅಗತ್ಯ ಕಾಣಲಿಲ್ಲ.

ಮನೆಗೆ ಬಂದವನೇ ಸಕ್ಕರೆ ಡಬ್ಬ, ಬೆಲ್ಲದ ಡಬ್ಬ, ಜೋನಿ ಬೆಲ್ಲದ ಭರಣಿ, ಹಬ್ಬಕ್ಕೆಂದು ತಂದಿಟ್ಟಿದ್ದ ಒಣದ್ರಾಕ್ಷಿ ಎಲ್ಲವನ್ನೂ ಪಕ್ಕದ ಮನೆಗೆ ಸಾಗಿಸಿದೆ. ಪಕ್ಕದ ಮನೆಯ ಭಾಗೀರಥಮ್ಮ ಹೆಗ್ಗೋಡು ಕಡೆಯವರು, ಕೊಟ್ಟದ್ದನ್ನು ಹಾಗೇ ಇಟ್ಟುಕೊಳ್ಳುವ ಪೈಕಿಯಲ್ಲ. ಸಂಜೆಯೇ ಒಂದು ಬಾಟಲಿ ಜೇನು ಹಿಡಿದು ಬಂದರು. 'ಕೂಸಿಗೆ ಇದು ಕೊಡು. ಎಂಗಳ ಮನೆ ಜೇನು, ಎಂತೂ ಆಗ್ತಿಲ್ಲೆ' ಎಂದರು. ಜೇನೂ ಸಿಹಿಯೇ ಎಂದು ನಾನು ಹೇಳಿದ್ದಕ್ಕೆ ಅವರು ನನ್ನನ್ನು ಕನಿಕರದಿಂದ ನೋಡಿದರು. ನಮ್ಮ ಸೀಮೆಯಲ್ಲಿ ಸಕ್ಕರೆ ಎಂದರೆ ಅಂಗಡಿಯಿಂದ ತಂದ ಬಿಳಿಯ ಪದಾರ್ಥ ಒಂದೇ. ಬೆಲ್ಲ, ಜೇನು, ಬಾಳೆಹಣ್ಣು ಇವೆಲ್ಲ ಮನೆಯವರ ಪೈಕಿ, ಅವುಗಳ ಮೇಲೆ ಯಾರೂ ದೂರು ಹೇಳಬಾರದು. ನಾಳೆ ಮೆಂತೆ, ನಾಡಿದ್ದು ಹಾಗಲಕಾಯಿ ರಸ ಎಂದು ಸಲಹೆಗಳು ಬಂದವು. ಅದೊಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ನಿಂತೆ. ಇನ್ಸುಲಿನ್ ಬಿಟ್ಟು ಬೇರೆ ಯಾವ ರಸಕ್ಕೂ ನಮ್ಮಲ್ಲಿ ಅವಕಾಶವಿರಲಿಲ್ಲ. ಆ ಯಶಸ್ಸು ನನ್ನ ತಲೆಗೇರಿತು ಎಂದು ಈಗ ಅನ್ನಿಸುತ್ತದೆ.

ಆಮೇಲೆ ಅಳತೆಯ ದಿನಗಳು ಬಂದವು. ತಕ್ಕಡಿ ತಂದೆ. ಅನ್ನಕ್ಕೊಂದು ಸ್ಟೀಲ್ ಬಟ್ಟಲು ಗೊತ್ತು ಮಾಡಿದೆ. ಅದು ಸರಿಯೇ, ಮೇಡಂ ಹೇಳಿದ್ದೂ ಹಾಗೆಯೇ. ಆದರೆ ಬಟ್ಟಲಿನ ಮೇಲೆ ಅನ್ನ ಗೋಪುರವಾಗದಂತೆ ಸ್ಕೇಲಿನಿಂದ ಸಮ ಮಾಡುವುದು, ದೋಸೆಯ ಅಡ್ಡಗಲಕ್ಕೆ ಟೇಪು ಹಿಡಿಯುವುದು, ಇಡ್ಲಿಯೊಂದು ಉಬ್ಬಿದ್ದರೆ ಅದನ್ನು ವಾಪಸು ಕಳಿಸುವುದು, ಇವನ್ನು ಅವರು ಹೇಳಿರಲಿಲ್ಲ. ವೀಣಾ ಒಂದು ದಿನ ಕಾವಲಿಯ ಮುಂದೆ ನಿಂತು, 'ಈ ದೋಸೆಗೆ ನಾಲ್ಕೂ ಕಡೆ ಚೆಕ್ಕುಬಂದಿ ಬರೆದುಕೊಡ್ರಿ, ಆಮೇಲೆ ತಿರುವಿ ಹಾಕ್ತೀನಿ' ಎಂದಳು. ನಾನು ನಕ್ಕೆ. ಇಂಚರಾ ನಗಲಿಲ್ಲ. ಎರಡು ದೋಸೆ ತಿನ್ನುತ್ತಿದ್ದವಳು ಒಂದಕ್ಕೇ ಏಳತೊಡಗಿದ್ದಳು. ಶಾಲೆಯಲ್ಲಿ ಯಾರದಾದರೂ ಹುಟ್ಟುಹಬ್ಬವಿದ್ದರೆ ಚಾಕಲೇಟು ಹಂಚುವ ಹೊತ್ತಿಗೆ ನೀರು ಕುಡಿಯುವ ನೆಪದಲ್ಲಿ ಎದ್ದು ಹೊರಗೆ ಹೋಗುತ್ತಾಳೆ ಎಂದು ಅವಳ ಟೀಚರು ವೀಣಾಳಿಗೆ ಹೇಳಿದ್ದರು. ಮಾತು ಮಾತಿಗೆ ಹಸಿವು ಎನ್ನುತ್ತಿದ್ದ ಹುಡುಗಿ ಆ ಶಬ್ದವನ್ನೇ ಬಿಟ್ಟಿದ್ದಳು. 'ನಿಮ್ಮ ಕಾಯಿಲೆಗೆ ಏನು ಔಷಧಿ ಇದ್ಯೋ ಕಾಣೆ' ಎಂದು ವೀಣಾ ನನಗೆ ಹೇಳಿದಳು. ನನ್ನ ಯಾವ ಕಾಯಿಲೆ ಎಂದು ನನಗೆ ಅರ್ಥವಾಗಲಿಲ್ಲ. ನಿಮ್ಮದೂ ಒಮ್ಮೆ ಶುಗರಿನ ರಕ್ತ ಪರೀಕ್ಷೆ ಮಾಡಿಸಿ, ಹೊಟ್ಟೆ ನೋಡಿದರೇ ಗೊತ್ತಾಗುತ್ತದೆ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದು ಮಾತ್ರ ನೆನಪಾಯಿತು, ಮರೆತೆ.

ಹೀಗಿರುವಾಗ ತೀರ್ಥಹಳ್ಳಿಯಲ್ಲಿ ನನ್ನ ಸೋದರತ್ತೆ ಸಾವಿತ್ರತ್ತೆ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶ ಬಂತು. ಇಂಚರಾ ಬರುವುದಿಲ್ಲ ಎಂದಳು. ಅವಳು ಕಾಯಿಲೆಯಾದ ಮೇಲೆ ಯಾರ ಮನೆಯ ಊಟಕ್ಕೂ ಬಂದಿರಲಿಲ್ಲ. ವೀಣಾ ಅವಳನ್ನು ಪಕ್ಕ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದ ಮೇಲೆ ಇಂಚರಾ ನನ್ನ ಹತ್ತಿರ ಬಂದು ಒಂದು ಷರತ್ತು ಹಾಕಿದಳು.

'ಅಪ್ಪಾ, ಅಲ್ಲಿ ಯಾರಿಗೂ ನೀನು ಏನೂ ಹೇಳಬಾರ್ದು. ಹೇಳಲ್ಲ ಅಂದ್ರೆ ಬರ್ತೀನಿ.'

ಹೇಳುವುದಿಲ್ಲ ಎಂದು ಕೈ ಮೇಲೆ ಕೈ ಇಟ್ಟು ಭಾಷೆ ಕೊಟ್ಟೆ. ಆ ಭಾಷೆ ಮನೆಯ ಬಾಗಿಲವರೆಗೆ ಉಳಿಯಿತು, ನಮ್ಮ ಮನೆಯದಲ್ಲ, ಅತ್ತೆಯ ಮನೆಯ ಬಾಗಿಲು. ನಮ್ಮ ಕಡೆ ಮನೆಗೆ ಬಂದವರಿಗೆ ಆಸರಿಗೆ, ಎಂದರೆ ಬಾಯಾರಿಕೆಗೆ ಎಂದು ಮೊದಲು ಕೊಡುವುದು ಬೆಲ್ಲ, ನೀರು. ಸಾವಿತ್ರತ್ತೆ ರೇಷ್ಮೆ ಸೀರೆಯುಟ್ಟು, ಬೆಲ್ಲದ ತಟ್ಟೆ ಹಿಡಿದು, 'ಬಾ ಪುಟ್ಟೀ, ಎಷ್ಟು ದೊಡ್ಡವಳಾಗಿದೀಯೇ' ಎಂದು ಮುಂದೆ ಬಂದರು. ನಾನು ನಡುವೆ ನುಗ್ಗಿದೆ. 'ಅತ್ತೆ, ಇದನ್ನ ಒಳಗಿಡಿ, ಅವಳ ಕಣ್ಣಿಗೆ ಬೀಳಬಾರ್ದು' ಎಂದೆ. ನಾನು ಅದನ್ನು ಮೆಲ್ಲಗೆ ಹೇಳಿದ್ದೆ ಎಂದೇ ನನ್ನ ನೆನಪು. ಆದರೆ ಶಾಮಿಯಾನದ ತುದಿಯಲ್ಲಿ ಕೂತಿದ್ದವರೂ ತಿರುಗಿ ನೋಡಿದರು. ಅತ್ತೆಯ ಮುಖ ಸಣ್ಣದಾಯಿತು. ಇಂಚರಾ ನನ್ನನ್ನು ನೋಡಲೂ ಇಲ್ಲ, ಸೀದಾ ಒಳಗೆ ಹೋದಳು.

ಅಲ್ಲಿಗಾದರೂ ನಿಲ್ಲಬೇಕಿತ್ತು. ಒಮ್ಮೆ ಭಾಷೆ ಮುರಿದ ಮೇಲೆ ಪೂರ್ತಿ ಮುರಿಯುವುದೇ ಲಾಭ ಎನ್ನಿಸಿ ಅಡುಗೆಯವರ ಕಡೆ ಹೋದೆ. ಬಡಿಸುವವರ ಮುಂದಾಳು ಗಣಪಣ್ಣ ನನ್ನ ಹಳೆಯ ಜೊತೆಗಾರ, ಹುಂಚದವನು, ಹೋಳಿಗೆಯ ಬುಟ್ಟಿಯಲ್ಲಿ ನನ್ನ ಉತ್ತರಾಧಿಕಾರಿ. ಅವನಿಗೆ ಮಗಳ ವಿಷಯ ಹೇಳಿ, ಅವಳ ಎಲೆಗೆ ಸಿಹಿ ಎಂಬುದು ಬೀಳಕೂಡದು ಎಂದೆ. ಒತ್ತಾಯದ ಮನುಷ್ಯನಿಗೆ ಅಷ್ಟು ಸಾಲದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅದಕ್ಕೇ, 'ಅವಳು ಕೇಳಿದ್ರೂ ಹಾಕ್ಬೇಡ. ಅತ್ತೆ ಹೇಳಿದ್ರೂ ಹಾಕ್ಬೇಡ. ನನಗೆ ಕರುಳು ಕರಗಿ ನಾನೇ ಬಂದು ಕೇಳಿದ್ರೂ ಹಾಕ್ಬೇಡ' ಎಂದೆ.

'ನೀವು ಕೇಳಿದ್ರೂ?' ಎಂದ ಗಣಪಣ್ಣ.

'ನಾನು ಕೇಳಿದ್ರೂ!'

'ಆಯ್ತು ಮಾರಾಯ್ರೆ' ಎಂದು ಅವನು ಹೆಗಲ ಮೇಲಿನ ಪಂಚೆ ಸರಿಮಾಡಿಕೊಂಡ. ಗಣಪಣ್ಣ ಕೊಟ್ಟ ಮಾತಿಗೆ ತಪ್ಪುವವನಲ್ಲ. ಈ ಗುಣ ಅವನಿಗೆ ಎಲ್ಲಿಂದ ಬಂತೋ, ನನ್ನ ಜೊತೆ ಅಷ್ಟು ವರ್ಷ ಓಡಾಡಿಯೂ ಅದು ಕೆಟ್ಟಿರಲಿಲ್ಲ.

'ಎಲೆ ಹಾಕಿ ಆಯ್ತು, ಮೊದಲ ಪಂಕ್ತಿ ಕೂರ್ಬೇಕು' ಎಂದು ಕೂಗು ಬಂತು. ವೀಣಾ ಒಳಗೆ ಪೂಜೆಯ ಹತ್ತಿರ ಹೆಂಗಸರ ಜೊತೆ ಇದ್ದಳು. ಇನ್ಸುಲಿನ್ ಪೆನ್ನಿನ ಚೀಲವನ್ನು ನನ್ನ ಕೈಗೆ ಕೊಡುವಾಗ, 'ಅನ್ನದ ಪಾತ್ರೆ ಕಣ್ಣಿಗೆ ಕಂಡ ಮೇಲೆ ಕೊಡ್ರಿ, ಇದು ಫಂಕ್ಷನ್ ಮನೆ' ಎಂದಿದ್ದಳು. ನಾನು ನೋಡಿಕೊಳ್ಳುತ್ತೇನೆ ಎಂದಿದ್ದೆ. ನೋಡಿದೆ. ಎಲೆಯಿತ್ತು, ಎಲೆಯ ಮೇಲೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲ ಬಂದಿತ್ತು. ಇನ್ನೇನು ಅನ್ನ ಬಂದಂತೆಯೇ ಎಂದು ಮಗಳನ್ನು ಮೂಲೆಗೆ ಕರೆದು, ಬಟ್ಟಲು ಅನ್ನದ ಲೆಕ್ಕಕ್ಕೆ ಇನ್ಸುಲಿನ್ ಕೊಟ್ಟುಬಿಟ್ಟೆ. ಜನರ ಕಾಲಿಗೆ ಸಿಕ್ಕೀತು ಎಂದು ಚೀಲವನ್ನು ರಸ್ತೆಯ ತುದಿಯಲ್ಲಿ ನಿಲ್ಲಿಸಿದ್ದ ಕಾರಿನಲ್ಲಿಟ್ಟು ಬೀಗ ಹಾಕಿ ಬಂದೆ. ಗ್ಲೂಕೋಸಿನ ಡಬ್ಬಿಯೂ ಅದರೊಳಗೇ ಇತ್ತು.

ಎಲೆ ಹಾಕಿದೆ ಎಂದರೆ ನಮ್ಮ ಕಡೆ ಊಟ ಬಂತು ಎಂದಲ್ಲ, ಬಂದರೂ ಬರಬಹುದು ಎಂದು. ಇದು ಹುಟ್ಟಿದಂದಿನಿಂದ ಗೊತ್ತಿರುವ ವಿಷಯ. ಪೂಜೆ ಮುಗಿದು, ಮಂಗಳಾರತಿಯಾಗಿ, ದೇವರಿಗೆ ನೈವೇದ್ಯವಾಗಿ, ತೀರ್ಥ ಬಂದು, ಆಮೇಲೆ ಅನ್ನ. ಅಲ್ಲಿಯವರೆಗೆ ಎಲೆಯ ಮೇಲಿನದನ್ನು ಮುಟ್ಟುವಂತಿಲ್ಲ. ಒಳಗೆ ಭಟ್ಟರು ಕಥೆ ಮುಗಿಸುವ ಹೊತ್ತಿಗೆ ಯಾರೋ ದೂರದ ನೆಂಟರು ಬಂದು, ತಮ್ಮ ಹೆಸರಿನಲ್ಲೂ ಒಂದು ಅರ್ಚನೆಯಾಗಲಿ ಎಂದರು. ಅವರ ಹಿಂದೆ ಇನ್ನೊಬ್ಬರು ಗೋತ್ರ ಹೇಳುತ್ತಾ ನಿಂತರು. ಪಂಕ್ತಿಯಲ್ಲಿ ಕೂತವರು ಅಡಿಕೆ ರೇಟಿನ ಮಾತಿಗೆ ತೊಡಗಿದರು. ನಾನೂ ತೊಡಗಿದೆ. ಪಕ್ಕದಲ್ಲಿದ್ದ ಇಂಚರಾ ನನ್ನ ಅಂಗಿಯ ತೋಳು ಜಗ್ಗಿದ್ದು ಒಂದೆರಡು ಸಲವಾದ ಮೇಲೆ ನನ್ನ ಗಮನಕ್ಕೆ ಬಂತು.

'ಅಪ್ಪಾ, ಕೈ ನಡುಗ್ತಾ ಇದೆ' ಎಂದಳು.

ಹಣೆಯ ಮೇಲೆ ಬೆವರು. ತುಟಿ ಬಿಳಿಚಿತ್ತು. ಅವಳ ಎಲೆಯನ್ನು ನೋಡಿದೆ: ಸೌತೆಕಾಯಿ ಕೋಸಂಬರಿ, ಬೀನ್ಸ್ ಪಲ್ಯ, ನೆನೆಸಿದ ಹೆಸರುಬೇಳೆ. ಮೇಡಂ ನೋಡಿದ್ದರೆ ಬೆನ್ನು ತಟ್ಟಬೇಕು, ಅಷ್ಟು ಆರೋಗ್ಯಕರವಾದ ಎಲೆ. ಆ ಕ್ಷಣಕ್ಕೆ ಒಂದೂ ಉಪಯೋಗವಿಲ್ಲ. ಗ್ಲೂಕೋಸು ರಸ್ತೆಯ ತುದಿಯಲ್ಲಿದೆ. ಎದುರಿಗೆ ಗಣಪಣ್ಣ ಪಾಯಸದ ಬಕೀಟಿನ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದಾನೆ.

'ಗಣಪಣ್ಣಾ, ಪಾಯಸ ತಾ! ಬೇಗ!' ಎಂದೆ.

ಗಣಪಣ್ಣ ನಿಂತಲ್ಲೇ ಮುಗುಳ್ನಕ್ಕು ತಲೆಯಾಡಿಸಿದ. 'ಇಲ್ಲ ಇಲ್ಲ. ನೀವೇ ಹೇಳಿದ್ದಲ್ವಾ. ನೀವು ಕೇಳಿದ್ರೂ ಹಾಕಲ್ಲ.'

'ಅಯ್ಯೋ, ಈಗ ಬೇಕು ಮಾರಾಯ!'

'ಹಿಂಗೇ ಕೇಳ್ತೀರಿ ಅಂತಾನೂ ನೀವೇ ಹೇಳಿದ್ರಿ. ಕರುಳು ಕರಗತ್ತೆ, ಗೊತ್ತು. ಆದ್ರೂ ಇಲ್ಲ. ಮೇಲಾಗಿ ನೈವೇದ್ಯ ಆಗಿಲ್ಲ.'

ನಾನು ಎದ್ದು ನಿಂತು ಕಿರುಚಿದೆ. ಏನು ಕಿರುಚಿದೆನೋ ಗೊತ್ತಿಲ್ಲ, ಶುಗರ್ ಲೋ ಆಗಿದೆ ಎಂದು ಹೇಳಲು ಹೊರಟವನು ಬರೀ 'ಸಕ್ಕರೆ, ಸಕ್ಕರೆ' ಎಂದು ಕೂಗಿದೆನಂತೆ. ಇಷ್ಟು ದಿನ ಅದನ್ನು ಮನೆಯಿಂದ ಓಡಿಸಿದ ಮನುಷ್ಯ, ಪಂಕ್ತಿಯ ನಡುವೆ ನಿಂತು ಅದರ ಹೆಸರು ಹಿಡಿದು ಕರೆದೆ. ಅಡಿಕೆ ರೇಟು ನಿಂತಿತು. ಒಳಗೆ ಮಂತ್ರ ನಿಂತಿತು. ಭಟ್ಟರು ಬಾಗಿಲಿಗೆ ಬಂದು ಇಂಚರಾಳ ಮುಖ ನೋಡಿದರು. 'ಎಂತ ಆಯ್ತು?' ಎಂದರು. ಅವಳೇ ಸಣ್ಣ ದನಿಯಲ್ಲಿ, 'ಇಂಜೆಕ್ಷನ್ ಆಗಿದೆ, ಊಟ ಆಗಿಲ್ಲ' ಎಂದಳು. ನಾನು ಹೇಳಲಾಗದ್ದನ್ನು ಅವಳು ನಾಲ್ಕು ಶಬ್ದದಲ್ಲಿ ಹೇಳಿದ್ದಳು.

'ಏ ಗಣಪಾ, ನೈವೇದ್ಯದ ಮಾತು ಬಿಡು. ದೇವರಿಗೇನು ಇಂಜೆಕ್ಷನ್ ಕೊಟ್ಟಿಲ್ಲ, ಅವನು ಕಾಯ್ತಾನೆ. ಮೊದಲು ಮಗೂಗೆ ಕೊಡು' ಎಂದರು ಭಟ್ಟರು.

ಗಣಪಣ್ಣ ಬಕೀಟು ಎತ್ತುವ ಮೊದಲೇ ಸಾವಿತ್ರತ್ತೆ ಬಂದಿದ್ದರು. ನಾನು ಒಳಗಿಡಿ ಎಂದಿದ್ದ ಅದೇ ಬೆಲ್ಲವನ್ನು ಲೋಟದ ನೀರಿನಲ್ಲಿ ಬೆರಳಿನಿಂದ ಕದಡುತ್ತಾ, ರೇಷ್ಮೆ ಸೀರೆಯ ಸೆರಗು ನೆಲ ಒರೆಸುತ್ತಿದ್ದರೂ ಲೆಕ್ಕಿಸದೆ ಓಡಿಬಂದರು. ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಲೋಟ ಅವಳ ಬಾಯಿಯ ಹತ್ತಿರ ಹಿಡಿದು, ನನ್ನ ಕಡೆ ತಿರುಗಿದರು.

'ಈಗ ಕೊಡಬಹುದೇನೋ, ಶ್ರೀಧರಾ?' ಎಂದು ಕೇಳಿದರು.

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಅವರು ನಿಜವಾಗಿಯೂ ಹೆದರಿ ಕೇಳಿದ್ದರು. ನಾನು ಕೈ ಮುಗಿದೆ. ಇಂಚರಾ ಗಟಗಟ ಕುಡಿದಳು. ನಾನು ಕಾರಿಗೆ ಓಡಿದೆ. ಬೀಗದ ಕೈ ನನ್ನ ಜೇಬಿನಲ್ಲೇ ಇದ್ದರೂ ಎರಡು ಸಲ ಹುಡುಕಿದೆ. ಚೀಲ ತಂದು ಬೆರಳಿಗೆ ಚುಚ್ಚಿ ನೋಡಿದರೆ ಶುಗರ್ ಇನ್ನೂ ಕೆಳಗೇ ಇತ್ತು. ಈ ಸಲ ಗ್ಲೂಕೋಸು ಕುಡಿಸಿದೆವು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದಾಗ ಏರಿತ್ತು. ಅವಳ ಮುಖಕ್ಕೆ ನಿಧಾನವಾಗಿ ಬಣ್ಣ ಬಂತು. ಅಷ್ಟು ಹೊತ್ತಿನಲ್ಲಿ ಮಗಳು ಕೈತಪ್ಪಿ ಹೋದಳು ಎಂದು ನಾನು ನಾಲ್ಕಾರು ಸಲ ಅಂದುಕೊಂಡಿದ್ದೆ. ವೀಣಾ ಬಂದು ಅವಳನ್ನು ತಬ್ಬಿ ಕೂತಳು. ನನಗೆ ಏನೂ ಅನ್ನಲಿಲ್ಲ. ಅವಳು ಏನಾದರೂ ಅಂದಿದ್ದರೆ ನನಗೆ ಎಷ್ಟು ಸಮಾಧಾನವಾಗುತ್ತಿತ್ತು ಎಂದು ಅವಳಿಗೆ ಗೊತ್ತಿತ್ತು.

ಭಟ್ಟರು ಉಳಿದ ಅರ್ಚನೆಗಳನ್ನೆಲ್ಲ ಒಂದೇ ಉಸಿರಿಗೆ ಸೇರಿಸಿ ಮಂಗಳಾರತಿ ಎತ್ತಿದರು. ಅವರು ಆರತಿ ಎತ್ತುವ ಮೊದಲೇ ಇಂಚರಾಳ ಎಲೆಗೆ ಅನ್ನ ಬಿದ್ದು, ತೊವ್ವೆ ಬಿದ್ದು, ಅವಳು ಉಣ್ಣತೊಡಗಿದ್ದಳು. ಯಾರೂ ಶಾಸ್ತ್ರ ಎತ್ತಲಿಲ್ಲ. ನಾನು ಅನ್ನ ಅಳೆಯುವ ಬಟ್ಟಲಿಗಾಗಿ ಚೀಲಕ್ಕೆ ಕೈ ಹಾಕಿದವನು ವೀಣಾಳ ಕಣ್ಣು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡೆ. ಇಂಚರಾ ಅಷ್ಟರಲ್ಲಿ ತನ್ನ ಮುಷ್ಟಿಯನ್ನು ಅನ್ನದ ಪಕ್ಕ ಇಟ್ಟು ನೋಡಿ, 'ಇಷ್ಟು ಸಾಕು' ಎಂದಿದ್ದಳು. ಮುಷ್ಟಿ ಇಟ್ಟು ಅಂದಾಜು ಮಾಡುವುದನ್ನು ಆ ಮೇಡಂ ಮೊದಲ ದಿನವೇ ಹೇಳಿಕೊಟ್ಟಿದ್ದರಂತೆ. ಆ ಹೊತ್ತಿನಲ್ಲಿ ನಾನು ಯಾವ ತಕ್ಕಡಿ ಕೊಳ್ಳುವುದು ಎಂದು ಯೋಚಿಸುತ್ತಿದ್ದಿರಬೇಕು.

ಆಮೇಲೆ ಹೋಳಿಗೆ ಬಂತು. ಗಣಪಣ್ಣ ಪೆಚ್ಚು ಮುಖ ಮಾಡಿಕೊಂಡು ಸಾಲಿನ ಆ ತುದಿಯಿಂದ ಬಡಿಸುತ್ತಾ ಬಂದ. ಅವನಿಗೆ ಒತ್ತಾಯ ಮಾಡುವ ಹುಮ್ಮಸ್ಸೇ ಉಳಿದಿರಲಿಲ್ಲ. ಬೇಡ ಎಂದವರಿಗೆ ಬಿಟ್ಟು ಮುಂದೆ ಹೋಗುತ್ತಿದ್ದ, ಮರ್ಯಾದೆಗೆಂದು ಬೇಡ ಎಂದಿದ್ದ ಎಷ್ಟೋ ಜನ ಕಂಗಾಲಾಗಿ ಅವನ ಬೆನ್ನು ನೋಡುತ್ತಿದ್ದರು. ನನ್ನ ಎಲೆಯ ಮುಂದೆ ಬಂದ. ನಾನು ರೂಢಿಯಂತೆ ಎರಡು ಕೈ ಅಡ್ಡ ಹಿಡಿದು, ಬೆರಳ ಸಂದಿ ತುಸು ಅಗಲಿಸಿ, 'ಬೇಡಪ್ಪಾ' ಎಂದೆ. ಅವನು ನನ್ನನ್ನು ದಾಟಿ ಇಂಚರಾಳ ಮುಂದೆ ನಿಂತ.

'ಏ, ಹಾಕೋ' ಎಂದೆ.

'ಇಲ್ಲ ಶ್ರೀಧರಣ್ಣ. ನೀವು ಕಾರಿಗೆ ಓಡಿದಾಗ ಕೂಸು ಹೇಳಿದೆ. ಅಪ್ಪನ ಟೆಸ್ಟು ಇನ್ನೂ ಆಗಿಲ್ಲ, ಅವರು ಕೇಳಿದ್ರೂ ಹಾಕ್ಬೇಡಿ ಅಂತ.'

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅತ್ತೆಯೂ ನಕ್ಕರು. ಇಂಚರಾ ನಗುತ್ತಿದ್ದಳು, ಎಷ್ಟೋ ತಿಂಗಳ ಮೇಲೆ ಊಟದ ಎಲೆಯ ಮುಂದೆ ನಗುತ್ತಿದ್ದಳು. ನನಗೆ ಕಣ್ಣು ಮಂಜಾಯಿತು, ತೊವ್ವೆಯ ಖಾರ ಎಂದುಕೊಂಡೆ, ತೊವ್ವೆಗೆ ಖಾರ ಹಾಕುವುದಿಲ್ಲ.

'ಗಣಪಣ್ಣ ಮಾಮ, ನಂಗೆ ಎರಡನೇ ಸಲ ಅನ್ನ ಬೇಡ. ಅದರ ಬದಲು ಅರ್ಧ ಹೋಳಿಗೆ ಹಾಕಿ. ಇನ್ನರ್ಧ ಅಪ್ಪಂಗೆ ಹಾಕಿ' ಎಂದಳು. ಗಣಪಣ್ಣ ನನ್ನ ಕಡೆ ನೋಡಿದ. ಅವನು ಅಪ್ಪಣೆಗಾಗಿ ಕಾಯುತ್ತಿದ್ದಾನೆ ಎಂದು ತಿಳಿದು ನಾನು ತಲೆಯಾಡಿಸಲು ಹೊರಟೆ. ಅವನು ನೋಡಿದ್ದು ನನ್ನ ಹಿಂದಿದ್ದ ವೀಣಾಳನ್ನು. ವೀಣಾ ಹೂಂ ಎಂದಳು.

ಗಣಪಣ್ಣ ಹೋಳಿಗೆಯನ್ನು ಎರಡು ಮಾಡಿ ಅವಳಿಗೊಂದು, ನನಗೊಂದು ಹಾಕಿದ. ಕಣ್ಣಳತೆಯಲ್ಲೇ ಗೊತ್ತಾಯಿತು, ನನ್ನ ಪಾಲು ಅರ್ಧಕ್ಕಿಂತ ಕಡಿಮೆ ಇತ್ತು. ಹುಲಿಕಲ್ ಕಡೆ ಇಂಥ ಪಾಲು ಮಾಡಿದರೆ ಮೂರು ತಲೆಮಾರು ಮಾತು ಬಿಡುತ್ತಾರೆ. ನಾನು ಟೇಪು ತೆಗೆಯಲಿಲ್ಲ. ಮಗಳು ತನ್ನದನ್ನು ತುಪ್ಪದಲ್ಲಿ ಅದ್ದಿ ನಿಧಾನವಾಗಿ ತಿನ್ನುತ್ತಿದ್ದಳು. ಅವಳದು ಮುಗಿಯುವ ಮೊದಲು ನನ್ನದು ಮುಗಿಯದಂತೆ ನಾನೂ ಚಿಕ್ಕ ಚಿಕ್ಕ ಚೂರು ಮುರಿದುಕೊಂಡೆ.